ಹೊಗೆಯ ಜಮಾಖರ್ಚು: ಕುಣಿಗಲ್ ಸೀಮೆಯಿಂದ ಒಂದು ಪಾಠ

ಇತ್ತೀಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳನ್ನು ಓದುವವರೆಲ್ಲರಿಗೂ “ಹವಾಮಾನ ತಟಸ್ಥತೆ” ಎಂಬ ಮಾತು ಪರಿಚಿತವಾಗಿದೆ. ೨೦೨೧ನೆಯ ಇಸವಿ ನವಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೇರಿದ್ದ ರಾಷ್ಟ್ರಗಳ ಮಹಾಸಭೆಯಲ್ಲಿ ನಮ್ಮ ದೇಶವು ೨೦೭೦ರೊಳಗೆ ಇಂತಹ ಸ್ಥಿತಿಯನ್ನು ಮುಟ್ಟುವುದಾಗಿ ವಚನವಿತ್ತಿತು. ಮಾತು ದೊಡ್ಡದು, ಕಾಲವೂ ದೂರದ್ದು. ಈಗ ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತಿರುವ ಬಾಲಿಕೆಯರು ಆ ವರ್ಷ ಬರುವ ವೇಳೆಗೆ ಅಜ್ಜಿಯರಾಗಿರುವರು. ಆದರೂ ಈ ಮಾತಿನ ತಿರುಳು ನಮ್ಮ ಅಡಿಗೆಮನೆಯಷ್ಟೇ ಹತ್ತಿರದ್ದೆಂಬುದನ್ನೂ, ಇದಕ್ಕೆ ಸಂಬಂಧಪಟ್ಟ ಬಹು ಬೆಲೆಯುಳ್ಳ ಪಾಠವೊಂದು ನಮ್ಮ ಕುಣಿಗಲ್ ತಾಲ್ಲೂಕಿನಲ್ಲಿಯೇ ಕಳೆದ ಶತಮಾನದಲ್ಲಿ ಕಲಿಯಲ್ಪಟ್ಟಿತೆಂಬುದನ್ನೂ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಅಡಿಗೆ ಅನಿಲ ಮೊದಲಾದುವನ್ನು ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಎಂಬ ವಾಯುವು ಹೊರಬೀಳುವುದು. ಹಿಂದಿನ ಪಠ್ಯಪುಸ್ತಕಗಳಲ್ಲಿ ಇದನ್ನೇ ಇಂಗಾಲಾಮ್ಲ ವಾಯುವೆಂದು ಕರೆಯುತ್ತಿದ್ದರು. ಇದು ವಾತಾವರಣದಲ್ಲಿ ಸೇರಿಕೊಂಡು, ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಕಂಬಳಿಯಂತೆ ತಡೆದಿಡುವುದು. ಗಿಡಮರಗಳೂ ಮಣ್ಣೂ ಸಮುದ್ರವೂ ಈ ವಾಯುವಿನಲ್ಲಿ ಒಂದು ಪಾಲನ್ನು ಹೀರಿಕೊಳ್ಳುವುವು. ಒಂದು ಊರು ವರ್ಷದಲ್ಲಿ ಗಾಳಿಗೆ ಬಿಡುವ ಇಂತಹ ವಾಯುವೂ, ತನ್ನ ಪ್ರಯತ್ನದಿಂದ ಗಾಳಿಯಿಂದ ತೆಗೆದುಕೊಳ್ಳುವ ವಾಯುವೂ ಸಮವಾದರೆ ಆ ಊರು ತಟಸ್ಥವಾಯಿತೆಂದು ಹೇಳುವರು. ಅಂಗಡಿಯವನ ಜಮಾಖರ್ಚಿನ ಪುಸ್ತಕದಂತೆಯೇ ಇದೂ ಒಂದು ಲೆಕ್ಕ.

ಇಲ್ಲೊಂದು ಭೇದವನ್ನು ಮನಸ್ಸಿನಲ್ಲಿಡಬೇಕು. ತೆಂಗಿನ ಒಣಗರಿಯನ್ನು ಉರಿಸಿದಾಗಲೂ ಇದೇ ವಾಯು ಹೊರಡುವುದು. ಆದರೆ ಆ ಇಂಗಾಲವನ್ನು ಮರವು ಕೆಲವು ವರ್ಷಗಳ ಹಿಂದೆ ಗಾಳಿಯಿಂದಲೇ ಪಡೆದಿತ್ತು. ಮುಂದಿನ ಗರಿಯು ಮತ್ತೆ ಅಷ್ಟನ್ನೇ ಪಡೆಯುವುದು. ಕಲ್ಲಿದ್ದಲಿನ ಇಂಗಾಲವಾದರೋ ಕೋಟ್ಯಂತರ ವರ್ಷಗಳಿಂದ ನೆಲದೊಳಗೆ ಹೂತಿದ್ದುದು. ಅದನ್ನು ಮೇಲೆತ್ತಿ ಸುಡುವುದು ಮೂಲಧನವನ್ನು ಕರಗಿಸುವುದಕ್ಕೆ ಸಮಾನ.

ಅಂಕಿಗಳಿಲ್ಲದ ಲೆಕ್ಕ ಲೆಕ್ಕವಲ್ಲವಾದುದರಿಂದ ಒಂದು ಮನೆಯ ಮಾದರಿಯನ್ನು ತೆಗೆದುಕೊಳ್ಳೋಣ. ೧೪.೨ ಕಿಲೋಗ್ರಾಮಿನ ಅಡಿಗೆ ಅನಿಲದ ಒಂದು ಸಿಲಿಂಡರ್ ಉರಿದು ಮುಗಿಯುವಾಗ ಸುಮಾರು ೪೨ ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುವುದು. ಅನಿಲಕ್ಕಿಂತ ಹೊಗೆಯು ಹೆಚ್ಚು ತೂಗುವುದು ಹೇಗೆಂದು ಬಾಲಿಕೆಯರು ಕೇಳಬಹುದು. ಉರಿಯುವಾಗ ಗಾಳಿಯ ಆಮ್ಲಜನಕವೂ ಅದರೊಡನೆ ಕೂಡುವುದೇ ಕಾರಣ. ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ೨.೩ ಕಿಲೋ, ಡೀಸೆಲಿನಿಂದ ಸುಮಾರು ೨.೭ ಕಿಲೋ ಬರುವುದು. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚು ಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿರುವುದರಿಂದ ಒಂದು ಯೂನಿಟ್‌ಗೆ ಸುಮಾರು ೭೦೦ ಗ್ರಾಂ ಎಂದು ಹಿಡಿಯಬಹುದು. ಹೀಗಿರಲಾಗಿ, ವರ್ಷಕ್ಕೆ ಎಂಟು ಸಿಲಿಂಡರ್, ತಿಂಗಳಿಗೆ ೧೦೦ ಯೂನಿಟ್ ವಿದ್ಯುತ್ತು, ಸ್ಕೂಟರಿಗೆ ತಿಂಗಳಿಗೆ ೨೦ ಲೀಟರ್ ಪೆಟ್ರೋಲು ಖರ್ಚಾಗುವ ಮನೆಯೊಂದು ವರ್ಷಕ್ಕೆ ಹೆಚ್ಚು ಕಡಿಮೆ ೧,೭೦೦ ಕಿಲೋ ವಾಯುವನ್ನು ಗಾಳಿಗೆ ಬಿಡುವುದು. ಇದರಲ್ಲಿ ಅರ್ಧದಷ್ಟು ವಿದ್ಯುತ್ತಿನದು. ಒಲೆಯ ಪಾಲು ಐದರಲ್ಲೊಂದು ಮಾತ್ರ. ಬಹು ಮಂದಿ ಗೃಹಿಣಿಯರು ಇದಕ್ಕೆ ವಿಪರೀತವಾಗಿ ಎಣಿಸಿರುವರು, ಏಕೆಂದರೆ ಒಲೆಯ ಉರಿ ಕಣ್ಣಿಗೆ ಕಾಣುವುದು, ದೂರದ ವಿದ್ಯುದಾಗಾರದ ಉರಿ ಕಾಣದು.

ಲೂಕನ ಸುವಾರ್ತೆಯಲ್ಲಿ ಗೋಪುರವನ್ನು ಕಟ್ಟಲು ಹೊರಟವನ ದೃಷ್ಟಾಂತವುಂಟು. ಮುಂದಾಗಿ ಖರ್ಚನ್ನು ಎಣಿಸದೆ ಅಸ್ತಿವಾರವನ್ನು ಹಾಕಿದವನು ನೋಡುವವರ ಹಾಸ್ಯಕ್ಕೆ ಗುರಿಯಾಗುವನು. ಇಂದು ಅನೇಕ ಪಟ್ಟಣಗಳು ತಟಸ್ಥತೆಯ ಹಲಗೆಯನ್ನು ಮೊದಲು ತೂಗುಹಾಕಿ ಲೆಕ್ಕವನ್ನು ಆಮೇಲೆ ಹುಡುಕುತ್ತಿರುವುವು. ನಮ್ಮ ಸೀಮೆಯಲ್ಲಿಯೋ, ಆ ಹೆಸರು ಹುಟ್ಟುವುದಕ್ಕೆ ಬಹು ಮೊದಲೇ ಲೆಕ್ಕವು ಪ್ರಾರಂಭವಾಯಿತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಎಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿದ್ಯಾಸಂಸ್ಥೆಯನ್ನು, ಎಲ್ಲರೂ ಬಲ್ಲರು. ೧೯೭೪ರಲ್ಲಿ ಅಲ್ಲಿಯ ಕೆಲವು ಪ್ರಾಧ್ಯಾಪಕರು, ತಮ್ಮ ವಿದ್ಯೆಯು ಹಳ್ಳಿಗರಿಗೆ ಉಪಯೋಗಕ್ಕೆ ಬರಬೇಕೆಂಬ ಉದ್ದೇಶದಿಂದ “ಅಸ್ತ್ರ” ಎಂಬ ಹೆಸರಿನ ಒಂದು ಶಾಖೆಯನ್ನು ಸ್ಥಾಪಿಸಿದರು. ಇದರ ಮುಂದಾಳುಗಳು ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು, ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರಾಂತ ಪಂಡಿತರು, ೨೦೦೬ರಲ್ಲಿ ದಿವಂಗತರಾದರು. ಪ್ರಯೋಗಶಾಲೆಯಲ್ಲಿ ಕುಳಿತು ಹಳ್ಳಿಯನ್ನು ಉದ್ಧರಿಸಲಾಗದೆಂದು ಅರಿತು ಇವರು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಒಂದು ಕೇಂದ್ರವನ್ನು ತೆರೆದರು. ಅದರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಯಾರು ಏನನ್ನು ಉರಿಸುವರು, ಎಷ್ಟು ಉರಿಸುವರು, ಅದನ್ನು ಯಾರು ತರುವರು, ಎಷ್ಟು ದೂರದಿಂದ ತರುವರು ಎಂಬುದನ್ನೆಲ್ಲಾ ಅಳೆದು ಬರೆದರು.

ಆ ಆರು ಹಳ್ಳಿಗಳಲ್ಲಿ ಪುರ ಎಂಬುದೊಂದು. ೧೯೭೭ರಲ್ಲಿ ಅಲ್ಲಿ ೫೬ ಮನೆಗಳೂ ೩೫೭ ಮಂದಿ ಜನರೂ ಇದ್ದರು. ಆ ಊರು ಬಳಸುತ್ತಿದ್ದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ೮೯ ಪಾಲು ಸೌದೆಯದು. ನೂರಕ್ಕೆ ಸುಮಾರು ೭ ಪಾಲು ಮನುಷ್ಯರ ಮೈಶಕ್ತಿಯದು. ಸೀಮೆಎಣ್ಣೆ, ಎತ್ತುಗಳ ದುಡಿಮೆ, ವಿದ್ಯುತ್ತು ಇವೆಲ್ಲವೂ ಉಳಿದ ಅಲ್ಪಾಂಶದಲ್ಲಿ ಅಡಗಿದ್ದುವು. ಮನುಷ್ಯರ ಮೈಶಕ್ತಿಯನ್ನೂ ಇಂಧನದ ಲೆಕ್ಕದಲ್ಲಿ ಸೇರಿಸಿದುದು ಇವರ ವಿಶೇಷ. ಆ ದುಡಿಮೆಯನ್ನು ಬಿಡಿಸಿ ನೋಡಿದಾಗ ಸ್ತ್ರೀಯರದು ನೂರಕ್ಕೆ ೫೩, ಪುರುಷರದು ೩೧, ಮಕ್ಕಳದು ೧೬ ಎಂದು ತಿಳಿದುಬಂತು. ಸೌದೆಗಾಗಿಯೇ ಒಂದೊಂದು ಮನೆಯವರು ದಿನಕ್ಕೆ ಸರಾಸರಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತನ್ನು ಕಳೆಯುತ್ತಿದ್ದರು. ಹತ್ತಿರ ಹತ್ತಿರ ಐದು ಕಿಲೋಮೀಟರ್ ನಡೆಯುತ್ತಿದ್ದರು. ಅವರು ತರುತ್ತಿದ್ದುದು ಕಡಿದುರುಳಿಸಿದ ಮರವನ್ನಲ್ಲ. ಬಹುಮಟ್ಟಿಗೆ ಉದುರಿದ ಕಡ್ಡಿ, ಒಣರೆಂಬೆಗಳನ್ನೇ. ಹಳ್ಳಿಯ ಹೆಂಗಸರ ಒಲೆಯಿಂದ ಕಾಡುಗಳು ಹಾಳಾದುವೆಂದು ಪಟ್ಟಣದ ಜನರು ಆಡಿಕೊಳ್ಳುತ್ತಿದ್ದ ಮಾತು ಈ ಹಳ್ಳಿಗಳ ಮಟ್ಟಿಗೆ ನಿಲ್ಲಲಿಲ್ಲ.

ಈ ಲೆಕ್ಕದ ಆಧಾರದ ಮೇಲೆ ಪುರದಲ್ಲಿ ಇಡೀ ಊರಿಗೆ ಒಂದೇ ಆದ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದರು. ಹಸುವಿನ ಸಗಣಿಯನ್ನು ನೀರಿನೊಡನೆ ಕಲಸಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಮೀಥೇನ್ ಅಧಿಕವಾಗಿರುವ ಅನಿಲ ಹುಟ್ಟುವುದು. ಉಳಿದ ಬಗ್ಗಡವು ಒಳ್ಳೆಯ ಗೊಬ್ಬರ. ಮೊದಲು ಇಟ್ಟುಕೊಂಡ ಗುರಿಯು ಅಡಿಗೆ. ಅಡಿಗೆಗೇ ಅಷ್ಟು ಸೌದೆ ಖರ್ಚಾಗುತ್ತಿರುವಾಗ, ಅಡಿಗೆಗೇ ಅನಿಲವನ್ನು ಕೊಡುವುದು ಯುಕ್ತವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ಏರ್ಪಾಡು ನಿಲ್ಲಲಿಲ್ಲ. ಊರಿನ ದನಗಳ ಸಗಣಿಯಿಂದ ಹುಟ್ಟುವ ಅನಿಲವು ಎಲ್ಲ ಮನೆಗಳ ಎರಡು ಹೊತ್ತಿನ ಅಡಿಗೆಗೂ ಸಾಲದಾಯಿತು. ಅದಲ್ಲದೆ, ಸೌದೆಯು ಹಣವಿಲ್ಲದೆ ಬರುತ್ತಿದ್ದ ವಸ್ತು. ಅದಕ್ಕಾಗಿ ನಡೆಯುವ ಕಾಲುಗಳ ನೋವಿಗೆ ಬೆಲೆ ಕಟ್ಟುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಆಗ ಊರಿನವರನ್ನು ಕೇಳಲಾಗಿ, ತಮಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಕುಡಿಯುವ ಒಳ್ಳೆಯ ನೀರು ಎಂದರು. ಪಂಡಿತರು ಹಠ ಹಿಡಿಯದೆ ತಮ್ಮ ಯೋಜನೆಯನ್ನೇ ತಿರುಗಿಸಿದರು. ಅನಿಲವನ್ನು ಒಲೆಗೆ ಕೊಡುವುದಕ್ಕೆ ಬದಲಾಗಿ ಒಂದು ಚಿಕ್ಕ ಡೀಸೆಲ್ ಎಂಜಿನಿಗೆ ಕೊಟ್ಟು, ಅದರಿಂದ ವಿದ್ಯುತ್ತನ್ನು ಉತ್ಪತ್ತಿಮಾಡಿ, ಕೊಳವೆ ಬಾವಿಯಿಂದ ನೀರನ್ನೆತ್ತಿ ನಲ್ಲಿಗಳಿಗೆ ಬಿಟ್ಟರು. ಸಂಜೆ ಮನೆಗಳಿಗೆ ದೀಪವನ್ನೂ ಕೊಟ್ಟರು. ಇದು ನಡೆದುದು ೧೯೮೭ರಲ್ಲಿ. ಸಗಣಿಯನ್ನು ತಂದು ಹಾಕಿದವರಿಗೆ ಕಿಲೋ ಒಂದಕ್ಕೆ ೨ ಪೈಸೆಯ ಕೂಲಿ ಸಲ್ಲುತ್ತಿತ್ತು. ತಂದವರು ಬಹುಪಾಲು ಸ್ತ್ರೀಯರೂ ಮಕ್ಕಳೂ. ಬಗ್ಗಡದ ನೀರನ್ನು ಮರಳ ಹಾಸಿನ ಮೇಲೆ ಬಸಿದು, ಯಾರು ಎಷ್ಟು ಸಗಣಿ ಕೊಟ್ಟರೋ ಅವರಿಗೆ ಅಷ್ಟಕ್ಕೆ ತಕ್ಕ ಗೊಬ್ಬರವನ್ನು ಹಿಂದಿರುಗಿಸುತ್ತಿದ್ದರು. ಯಂತ್ರವನ್ನು ನಡೆಯಿಸುತ್ತಿದ್ದವರು ಆ ಊರಿನ ಹುಡುಗರೇ. ಲೆಕ್ಕಪತ್ರವನ್ನು ಗ್ರಾಮ ವಿಕಾಸ ಸಭೆಯು ನೋಡಿಕೊಳ್ಳುತ್ತಿತ್ತು.

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಸಾಮಾನ್ಯವಾಗಿ ಊರೊಟ್ಟಿನ ಸ್ವತ್ತು ಎಂದರೆ ಪ್ರತಿಯೊಬ್ಬನೂ ತನ್ನ ಕೈಲಾದಷ್ಟನ್ನು ಕಿತ್ತುಕೊಂಡು ಕೊನೆಗೆ ಎಲ್ಲರಿಗೂ ಇಲ್ಲವಾಗುವುದೆಂದು ಅರ್ಥಶಾಸ್ತ್ರಜ್ಞರು ಹೇಳುವರು. ಗೋಮಾಳಗಳ ಗತಿಯನ್ನು ಕಂಡವರು ಈ ಮಾತನ್ನು ಅಲ್ಲಗಳೆಯಲಾರರು. ಪುರದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ನಾನು ಸಗಣಿಯನ್ನು ತಂದು ಹಾಕದಿದ್ದರೆ ಊರಿನ ದೀಪವಷ್ಟೇ ಅಲ್ಲ, ನನ್ನ ಮನೆಯ ದೀಪವೂ ಆರುವುದು. ನನ್ನ ಬೀದಿಯ ನಲ್ಲಿಯೂ ನಿಲ್ಲುವುದು. ಸ್ವಂತ ಲಾಭವೂ ಊರಿನ ಲಾಭವೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಾದುವು. ರೆಡ್ಡಿಯವರು ಇದಕ್ಕೆ ಊರೊಟ್ಟಿನ ಸ್ವತ್ತಿನಿಂದ ಬರುವ ಆಶೀರ್ವಾದ ಎಂಬ ಅರ್ಥದ ಹೆಸರನ್ನಿಟ್ಟರು. ಈ ಏರ್ಪಾಡು ಇಂದು ಪುರದಲ್ಲಿ ನಡೆಯುತ್ತಿಲ್ಲ. ಹಲವು ವರ್ಷ ನಡೆದು ನಿಂತುಹೋಯಿತು. ಆದರೂ ಇದನ್ನು ಸೋಲೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಲಾರೆ. ಅಡಿಗೆಗೆ ಅನಿಲವೆಂಬ ಬಲ್ಲವರ ಯೋಜನೆ ಬೇಗನೆ ಬಿತ್ತು. ಮನೆಬಾಗಿಲಿಗೆ ನೀರೆಂಬ ಹಳ್ಳಿಗರ ಯೋಜನೆ ವರ್ಷಗಟ್ಟಲೆ ನಡೆಯಿತು. ಎರಡಕ್ಕೂ ತೊಟ್ಟಿ ಒಂದೇ, ಸಗಣಿಯೂ ಒಂದೇ. ಹೊಗೆಯನ್ನು ತಗ್ಗಿಸುವ ಯಾವ ಏರ್ಪಾಡೇ ಆಗಲಿ, ಅದಕ್ಕಾಗಿ ದಿನವೂ ಕೈಯಾಡಿಸಬೇಕಾದವರಿಗೆ ಅವರು ಬಯಸಿದ ಪ್ರಯೋಜನವು ದಿನವೂ ದೊರೆಯದಿದ್ದರೆ ಊರಿನಲ್ಲಿ ನಿಲ್ಲದು.

ಇದೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ, ಆಗ ವಿದ್ಯುತ್ ತಂತಿಯೇ ಮುಟ್ಟಿರದ ಚಿಕ್ಕ ಗ್ರಾಮದಲ್ಲಿ ೧೯೮೮ರಲ್ಲಿ ಇನ್ನೊಂದು ಪ್ರಯೋಗವಾಯಿತು. ಅಲ್ಲಿ ಸಗಣಿಗೆ ಬದಲು ಸೌದೆ. ಸೌದೆಯ ತುಂಡುಗಳನ್ನು ಸಾಕಷ್ಟು ಗಾಳಿ ಕೊಡದೆ ಅರೆಬರೆ ಸುಟ್ಟರೆ ಉರಿಯಬಲ್ಲ ಅನಿಲ ಬರುವುದು. ಅದನ್ನು ತಣಿಸಿ ಶೋಧಿಸಿ ಎಂಜಿನಿಗೆ ಕೊಟ್ಟರೆ ವಿದ್ಯುತ್ತಾಗುವುದು. ಇದಕ್ಕೆ ಬೇಕಾದ ಸೌದೆಗಾಗಿ ಊರ ಬಳಿಯೇ ಮರಗಳನ್ನು ಬೆಳೆಸಿದರು. ಕಡಿದಷ್ಟು ಮತ್ತೆ ಬೆಳೆಯುತ್ತಿದ್ದರೆ ಗಾಳಿಯ ಲೆಕ್ಕದಲ್ಲಿ ಸಾಲವೇ ಏಳುವುದಿಲ್ಲವೆಂಬುದನ್ನು ಮೇಲೆಯೇ ಹೇಳಿದೆ. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಈ ಮೂರೂ ಅದರಿಂದ ನಡೆದುವು. ರಾಗಿಯೇ ಆಹಾರವಾಗಿರುವ ಸೀಮೆಯಲ್ಲಿ ಹಿಟ್ಟಿನ ಗಿರಣಿಯು ಊರೊಳಗೇ ಬಂದರೆ ಹೆಂಗಸರಿಗೆ ಎಷ್ಟು ಹೊತ್ತು ಉಳಿಯುವುದೆಂಬುದನ್ನು ಬೀಸುವ ಕಲ್ಲನ್ನು ಬಲ್ಲ ನಮ್ಮ ಹಿರಿಯ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾದುದಿಲ್ಲ. ಈ ಸ್ಥಾವರವು ೨೦೦೪ರವರೆಗೂ ನಡೆದುದಾಗಿ ಪ್ರಕಟಿತ ವರದಿಯುಂಟು.

ಯೂರೋಪ್ ಖಂಡದ ಆಸ್ಟ್ರಿಯ ದೇಶದಲ್ಲಿ ಗುಸ್ಸಿಂಗ್ ಎಂಬ, ಸುಮಾರು ನಾಲ್ಕು ಸಾವಿರ ಜನಸಂಖ್ಯೆಯ ಸಣ್ಣ ಪಟ್ಟಣವು ೧೯೯೦ರಲ್ಲಿ ಕಲ್ಲಿದ್ದಲು, ಎಣ್ಣೆಗಳ ಹಂಗನ್ನು ತೊರೆಯಬೇಕೆಂದು ನಿಶ್ಚಯಿಸಿ, ೨೦೦೧ರಲ್ಲಿ ಸೌದೆಯ ಅನಿಲದ ದೊಡ್ಡ ಸ್ಥಾವರವನ್ನು ಕಟ್ಟಿ ಜಗತ್ಪ್ರಸಿದ್ಧವಾಯಿತು. ಅದನ್ನು ನೋಡಲು ದೇಶದೇಶಗಳಿಂದ ಜನರು ಹೋದರು. ಹೊಸಹಳ್ಳಿಯು ಅದೇ ತತ್ತ್ವವನ್ನು ಹನ್ನೆರಡು ವರ್ಷಗಳಿಗೂ ಮುಂಚಿತವಾಗಿಯೇ ನಡೆಯಿಸಿತ್ತೆಂಬುದು ಕುಣಿಗಲ್ಲಿನವರಿಗೇ ತಿಳಿಯದು! ಮುಂದೆ ನಮ್ಮ ಜಿಲ್ಲೆಯಲ್ಲಿಯೇ ವಿಶ್ವಸಂಸ್ಥೆಯ ನೆರವಿನಿಂದ ಇಂತಹದೇ ಯೋಜನೆಯು ಹಲವು ಹಳ್ಳಿಗಳಿಗೆ ವಿಸ್ತರಿಸಿ, ಕಬ್ಬಿಗೆರೆ ಗ್ರಾಮದ ಸ್ಥಾವರದಲ್ಲಿ ೨೦೦೭ರ ವೇಳೆಗೆ ಹುಟ್ಟಿದ ವಿದ್ಯುತ್ತು ಸರಕಾರದ ತಂತಿಗೂ ಹರಿಯಿತು.

ಇನ್ನು ಇಂದಿನ ಪಟ್ಟಣಗಳ ವಿಷಯ. ತುಮಕೂರು ಮಹಾನಗರಪಾಲಿಕೆಯುಳ್ಳ ದೊಡ್ಡ ಊರು; ಕುಣಿಗಲ್ಲಿಗೆ ಪುರಸಭೆ, ಗುಬ್ಬಿಗೆ ಪಟ್ಟಣ ಪಂಚಾಯಿತಿ. ತಟಸ್ಥತೆಯ ಕೆಲಸಕ್ಕೆ ಈ ಎರಡು ಚಿಕ್ಕ ಊರುಗಳೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಚಿಕ್ಕ ಊರಿನಲ್ಲಿ ನೀರಿನ ಪಂಪು ಎಲ್ಲಿದೆ, ಕಸದ ಗಾಡಿ ಎಲ್ಲಿಗೆ ಹೋಗುವುದು, ಬೀದಿದೀಪವನ್ನು ಆರಿಸುವವರು ಯಾರು ಎಂಬುದು ಅರ್ಧ ಊರಿಗೆ ತಿಳಿದಿರುವುದು.

ಮೊದಲು ಅಡಿಗೆಮನೆ. ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುವುದು. ಸೌದೆ, ಗರಿ, ಮಟ್ಟೆ, ಚಿಪ್ಪುಗಳ ಒಲೆಯನ್ನು ಬಿಟ್ಟು ಅನಿಲದ ಒಲೆಗೆ ಬಂದ ಮನೆಯು, ನೆಲದೊಳಗಿನ ಇಂಗಾಲವನ್ನು ಸುಡಲಾರಂಭಿಸಿದ್ದರಿಂದ ಗಾಳಿಯ ಪುಸ್ತಕದಲ್ಲಿ ಸಾಲಗಾರನಾಗುವುದು. ಹಾಗಾದರೆ ತೆಂಗಿನ ತೋಟಗಳ ಈ ಸೀಮೆಯಲ್ಲಿ ಗರಿಯ ಒಲೆಯೇ ಪುಣ್ಯವೆಂದು ಹೇಳೋಣವೇ? ಖಂಡಿತವಾಗಿಯೂ ಕೂಡದು. ಒಲೆಯ ಹೊಗೆಯಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೩೦ ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಣಿಸಿರುವರು. ಈ ಹೊಗೆಯನ್ನು ಹೆಚ್ಚಾಗಿ ಕುಡಿಯುವವರು ಸ್ತ್ರೀಯರೂ ಅವರ ಮಡಿಲ ಶಿಶುಗಳೂ. ೨೦೧೬ರಲ್ಲಿ ಪ್ರಾರಂಭವಾದ ಉಜ್ಜ್ವಲ ಯೋಜನೆಯಿಂದ ಬಡವರ ಮನೆಗೂ ಅನಿಲದ ಒಲೆಯು ಬಂದುದು ಒಳ್ಳೆಯದೇ ಆಯಿತು. ಒಂದು ಮನೆಯ ಲೆಕ್ಕದಲ್ಲಿ ಒಲೆಯ ಪಾಲು ಐದರಲ್ಲೊಂದೇ ಎಂಬುದನ್ನು ಮೇಲೆ ಕಂಡೆವು. ಅಷ್ಟನ್ನು ಉಳಿಸುವುದಕ್ಕಾಗಿ ತಾಯಂದಿರ ಶ್ವಾಸಕೋಶವನ್ನು ಜಮೆಯ ಕಡೆ ಬರೆಯುವ ಪುಸ್ತಕವು ಸುಳ್ಳು ಪುಸ್ತಕ. ಗರಿ ಮಟ್ಟೆಗಳನ್ನು ಸ್ನಾನದ ನೀರಿನ ಹಂಡೆಗೆ, ಅದೂ ಹೊಗೆಕೊಳವೆಯುಳ್ಳ ಒಲೆಯಲ್ಲಿ ಬಳಸಬಹುದು. ಉಂಗ್ರದ ಅನುಭವದಿಂದ ಬೆಳೆದು “ಅಸ್ತ್ರ ಒಲೆ” ಎಂದು ಕರ್ನಾಟಕದಲ್ಲೆಲ್ಲಾ ಹೆಸರಾದ ಒಲೆಯು ಇಂತಹದೇ. ಸೌದೆಯೂ ಕಡಿಮೆ, ಮನೆಯೊಳಗೆ ಹೊಗೆಯೂ ಕಡಿಮೆ. ಬಿಸಿಲಿಗೆ ಕೊರತೆಯಿಲ್ಲದ ನಮ್ಮ ಊರುಗಳಲ್ಲಿ ಸೌರ ಜಲತಾಪಕವಾದರೆ ಆ ಹೊಗೆಯೂ ಇಲ್ಲ.

ಎರಡನೆಯದು ನೀರು. ನೀರಿಗೂ ಹೊಗೆಗೂ ಏನು ಸಂಬಂಧವೆಂದು ಕೇಳುವವರುಂಟು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಆಳದಿಂದ ಎತ್ತಬೇಕಾದರೆ, ಪಂಪಿನ ನಷ್ಟವೂ ಸೇರಿ ಅರ್ಧ ಯೂನಿಟ್ ವಿದ್ಯುತ್ತಾದರೂ ಬೇಕು. ಮುನ್ನೂರು ಮೀಟರಾದರೆ ಒಂದೂವರೆ ಯೂನಿಟ್, ಎಂದರೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಸಾವಿರ ಅಡಿ ಕೊರೆದ ಬಾವಿಗಳು ನಮ್ಮ ಜಿಲ್ಲೆಯಲ್ಲಿ ಅಪರೂಪವಲ್ಲ. ಆದುದರಿಂದ ಕೆರೆಯಲ್ಲಿ ನೀರು ನಿಂತು ಅಂತರ್ಜಲವು ಮೇಲೇರಿದರೆ ಅಷ್ಟು ಕಲ್ಲಿದ್ದಲು ಉಳಿಯಿತೆಂದೇ ತಿಳಿಯಬೇಕು. ಕುಣಿಗಲ್ಲಿನ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ತುಮಕೂರಿನ ಅಮಾನಿಕೆರೆ ಇವುಗಳ ಹೂಳನ್ನು ತೆಗೆಯುವುದೂ ಕಾಲುವೆಗಳನ್ನು ಬಿಡಿಸುವುದೂ ಹವಾಮಾನದ ಕೆಲಸವೇ. ತುಮಕೂರು ನಗರಕ್ಕೆ ಹೇಮಾವತಿಯ ನೀರು ಕಾಲುವೆಯಲ್ಲಿ ಹರಿದು ಬುಗುಡನಹಳ್ಳಿಯ ಕೆರೆಗೆ ಬಂದು ಸೇರುವುದು. ಅಲ್ಲಿಂದ ಮನೆಗಳ ತೊಟ್ಟಿಗೇರಲು ವಿದ್ಯುತ್ತೇ ಬೇಕು. ಸೋರುವ ಒಂದೊಂದು ನಲ್ಲಿಯಿಂದಲೂ ಹೀಗೆ ಮೇಲೆತ್ತಿದ ನೀರೇ ಹೋಗುವುದು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ, ನೀರು ಮಟ್ಟವನ್ನು ಮೀರಿದೊಡನೆ ಯಾರ ಕೈಯೂ ತಗಲದೆ ತಾನಾಗಿಯೇ ಹರಿದುಹೋಗುವ ಸೈಫನ್‌ಗಳನ್ನು ಹಿಂದಿನ ಎಂಜಿನಿಯರುಗಳು ಕಟ್ಟಿರುವರು. ಪ್ರವಾಸಕ್ಕೆ ಹೋಗುವ ಬಾಲಿಕೆಯರು ಚಿತ್ರ ತೆಗೆಯುವುದನ್ನು ಸ್ವಲ್ಪ ನಿಲ್ಲಿಸಿ ಅದರ ತತ್ತ್ವವನ್ನು ಕೇಳಿ ತಿಳಿಯಬೇಕು.

ಕಸದ ಮಾತನ್ನು ಸಂಕ್ಷೇಪವಾಗಿ ಹೇಳುವೆನು. ಹಸಿಕಸವು ರಾಶಿಯಾಗಿ ಬಿದ್ದು ಗಾಳಿಯಿಲ್ಲದೆ ಕೊಳೆತರೆ, ಪುರದ ತೊಟ್ಟಿಯಲ್ಲಿ ಹುಟ್ಟಿದ ಮೀಥೇನೇ ಅಲ್ಲಿಯೂ ಹುಟ್ಟುವುದು. ಭೇದವಿಷ್ಟೇ: ಪುರದಲ್ಲಿ ಅದು ದೀಪವಾಯಿತು, ಇಲ್ಲಿ ಆಕಾಶಕ್ಕೆ ಹೋಗುವುದು. ನೂರು ವರ್ಷಗಳ ಅವಧಿಯಲ್ಲಿ ನೋಡಿದರೆ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೇಳರಷ್ಟಾದರೂ ಹೆಚ್ಚು ಶಾಖವನ್ನು ಹಿಡಿಯುವುದು. ತುಮಕೂರು ನಗರದ ಕಸವು ಅಜ್ಜಗೊಂಡನಹಳ್ಳಿಗೆ ಸಾಗುವುದು. ಅದನ್ನು ಅಲ್ಲಿ ಗೊಬ್ಬರ ಮಾಡಬೇಕಾದರೆ ಇಲ್ಲಿ, ನಮ್ಮ ಹಿತ್ತಲಲ್ಲಿ, ಹಸಿಯನ್ನೂ ಒಣದನ್ನೂ ಬೇರೆಮಾಡಿರಬೇಕು. ೨೦೧೬ರ ನಿಯಮಗಳು ಇದನ್ನು ಮನೆಯವರ ಕರ್ತವ್ಯವೆಂದೇ ವಿಧಿಸಿದುವು. ಮನೆಯಲ್ಲಿ ಬೇರೆಮಾಡಿದುದನ್ನು ಗಾಡಿಯಲ್ಲಿ ಮತ್ತೆ ಒಂದುಗೂಡಿಸುವುದನ್ನು ಕಂಡ ಗೃಹಿಣಿಯು ಮರುದಿನದಿಂದ ಆ ಶ್ರಮವನ್ನು ಬಿಡುವಳು. ಅವಳನ್ನು ದೂರಿ ಫಲವಿಲ್ಲ. ಪುರದಲ್ಲಿ ಸಗಣಿ ಕೊಟ್ಟವರಿಗೆ ಗೊಬ್ಬರವು ಅಳತೆಯಂತೆ ಹಿಂದಿರುಗುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ವಿದ್ಯುತ್ತಿಗೆ ಬಂದರೆ, ನಮ್ಮ ಜಿಲ್ಲೆಯ ಪಾವಗಡದ ಸೌರ ವಿದ್ಯುದಾಗಾರವನ್ನು ಕೇಳದವರಿಲ್ಲ. ಸುಮಾರು ೧೩,೦೦೦ ಎಕರೆ ನೆಲದಲ್ಲಿ, ೨,೦೫೦ ಮೆಗಾವ್ಯಾಟ್ ಸಾಮರ್ಥ್ಯವುಳ್ಳ ಇದು ೨೦೧೮ರಲ್ಲಿ ಉದ್ಘಾಟನೆಯಾಗಿ ೨೦೧೯ರಲ್ಲಿ ಪೂರ್ಣಗೊಂಡಿತು. ಮಳೆ ಕೈಕೊಟ್ಟು ಜನರು ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಪ್ರಾರಂಭಿಸಿ ಗುತ್ತಿಗೆಗೆ ಹಿಡಿದುದು ಶ್ಲಾಘ್ಯವಾದ ಕ್ರಮ. ಆದರೆ ಗುತ್ತಿಗೆಯ ಹಣವು ಭೂಮಿಯುಳ್ಳವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಸ್ತ್ರೀಯರಿಗೆ ಪತ್ರವೂ ಇಲ್ಲ, ಪಾಲೂ ಇಲ್ಲ. ಬಿಸಿಲಿನ ವಿದ್ಯುತ್ತಿನಲ್ಲಿ ಹೊಗೆಯಿಲ್ಲವೆಂಬುದು ಸತ್ಯ. ಹೊಗೆಯಿಲ್ಲದ ಮಾತ್ರಕ್ಕೆ ಲೆಕ್ಕವು ಮುಗಿಯಿತೆಂಬುದು ಸತ್ಯವಲ್ಲ. ಮೇಲಾಗಿ ಆ ವಿದ್ಯುತ್ತು ರಾಜ್ಯದ ತಂತಿಗೆ ಸೇರುವುದರಿಂದ, ಪಾವಗಡವು ನಮ್ಮ ಜಿಲ್ಲೆಯದೆಂಬ ಕಾರಣಕ್ಕೆ ತುಮಕೂರು ನಗರವು ಅದನ್ನು ತನ್ನ ಜಮೆಗೆ ಬರೆದುಕೊಳ್ಳುವಂತಿಲ್ಲ. ನಮ್ಮ ಜಮೆ ನಮ್ಮ ಮಾಳಿಗೆಯ ಮೇಲೆ. ಒಂದು ಕಿಲೋವ್ಯಾಟಿನ ಸೌರ ಫಲಕವು ದಿನಕ್ಕೆ ಸರಾಸರಿ ೪ ಯೂನಿಟ್ ಕೊಡುವುದು. ಮಾದರಿಯ ಮನೆಯ ನೂರು ಯೂನಿಟ್ ಅದರಿಂದಲೇ ತುಂಬುವುದು. ೨೦೨೪ರಿಂದ ಕೇಂದ್ರ ಸರಕಾರವು ಇದಕ್ಕೆ ೭೮,೦೦೦ ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿತು. ೨೦೨೩ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲಿನ ಹಣವು ಸೊನ್ನೆಯಾದ ಮನೆಗಳಲ್ಲಿ ಫಲಕಕ್ಕೆ ಹಣ ಹಾಕುವ ಆತುರ ಕಡಿಮೆಯಾಗಿರುವುದೂ ಸಹಜವೇ. ಬಡವರಿಗೆ ಅದು ನಿಜವಾದ ನೆರವು. ಆದರೆ ಯೂನಿಟ್‌ಗಳು ಸೊನ್ನೆಯಾಗಿಲ್ಲವೆಂದು ಬಿಲ್ಲಿನ ಕಾಗದವೇ ಹೇಳುವುದು.

ಗಿಡ ನೆಟ್ಟರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯ ವಿಷಯವಾಗಿ ಎರಡು ಮಾತು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್ಲಿನ ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ಕುದೂರಿನ ದಾರಿಯಲ್ಲಿ ೩೮೫ ಆಲದ ಮರಗಳನ್ನು ಬೆಳೆಸಿದರು. ಶಾಲೆಯ ಮೆಟ್ಟಿಲನ್ನೇರದ ಈ ತಾಯಿಗೆ ೨೦೧೯ರಲ್ಲಿ ಪದ್ಮಶ್ರೀ ಬಂತು. ೨೦೨೫ರ ನವಂಬರಿನಲ್ಲಿ ಅವರು ದಿವಂಗತರಾದರು. ಬೆಳೆದ ಸಾಧಾರಣ ಮರವೊಂದು ವರ್ಷಕ್ಕೆ ಸುಮಾರು ೨೦ ಕಿಲೋ ವಾಯುವನ್ನು ಹೀರುವುದೆಂದು ಹಿಡಿದರೆ, ನಮ್ಮ ಮಾದರಿಯ ಒಂದು ಮನೆಗೆ ೮೫ ಮರಗಳು ಬೇಕು. ಎಂದರೆ ಒಂದು ಜನ್ಮದ ಅಂತಹ ಸಾಧನೆಯೂ ನಾಲ್ಕೈದು ಮನೆಗಳ ಸಾಲವನ್ನು ಮಾತ್ರ ತೀರಿಸುವುದು. ಆಲವು ಸಾಧಾರಣ ಮರಕ್ಕಿಂತ ದೊಡ್ಡದೆಂದು ಎಣಿಸಿದರೂ ಹತ್ತಾರು ಮನೆಗಳದು. ತಿಮ್ಮಕ್ಕನವರ ಕೀರ್ತಿಗೆ ಇದರಿಂದ ಕುಂದಿಲ್ಲ. ಅವರು ನೀರು ಹೊತ್ತುದು ನಮ್ಮ ಸ್ಕೂಟರುಗಳ ಹೊಗೆಯನ್ನು ತೊಳೆಯುವುದಕ್ಕಾಗಿ ಅಲ್ಲ, ದಾರಿಹೋಕರ ನೆರಳಿಗಾಗಿ. ಪರಿಸರ ದಿನದಂದು ನೂರು ಸಸಿಗಳನ್ನು ನೆಟ್ಟು ಚಿತ್ರ ತೆಗೆಯಿಸಿಕೊಂಡು, ಬೇಸಗೆಯಲ್ಲಿ ಅವಕ್ಕೆ ನೀರೆರೆಯುವವರನ್ನು ಗೊತ್ತುಮಾಡದೆ ಹೋಗುವ ಸಭೆಗಳು ಅವರ ಹೆಸರನ್ನು ಹೇಳದಿದ್ದರೆ ಮೇಲು.

ನಮ್ಮ ಶಾಲೆಯ ಮೇಲ್ತರಗತಿಗಳ ಬಾಲಿಕೆಯರು ತಮ್ಮ ತಮ್ಮ ಬೀದಿಯ ಲೆಕ್ಕವನ್ನು ಒಂದು ರಜೆಯಲ್ಲಿ ತೆಗೆಯಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಗುಬ್ಬಿ, ಕುಣಿಗಲ್ಲುಗಳಲ್ಲಿ ನೆಲೆಸಿರುವವರು ಅವರಿಗೆ ಸಹಾಯಕರಾಗಬಹುದು. ಇದಕ್ಕೆ ಯಂತ್ರಗಳು ಬೇಕಿಲ್ಲ. ಒಂದು ನೋಟುಪುಸ್ತಕವೂ ತಾಳ್ಮೆಯೂ ಸಾಕು. ಬಿಲ್ಲಿನಿಂದ ಯೂನಿಟ್‌ಗಳನ್ನು ಬರೆದುಕೊಂಡು ಮೇಲೆ ಹೇಳಿದ ೭೦೦ ಗ್ರಾಮಿನಿಂದ ಗುಣಿಸಬೇಕು. ಸಿಲಿಂಡರ್‌ಗಳನ್ನು ೪೨ರಿಂದ, ಪೆಟ್ರೋಲಿನ ಲೀಟರುಗಳನ್ನು ೨.೩ರಿಂದ ಗುಣಿಸಬೇಕು. ಮೊಪೆಡ್ಡೋ ಬಸ್ಸೋ ಎಂಬುದನ್ನೂ ಕೇಳಬೇಕು. ಬೀದಿದೀಪಗಳು ಬೆಳಿಗ್ಗೆ ಎಷ್ಟು ಗಂಟೆಗೆ ಆರುವುವೆಂಬುದನ್ನು ಒಂದು ವಾರ ನೋಡಬೇಕು. ಇವುಗಳ ಪಕ್ಕದಲ್ಲಿ, ಉಂಗ್ರದ ಕೇಂದ್ರದವರು ೧೯೭೭ರಲ್ಲಿ ಮಾಡಿದಂತೆ, ಇನ್ನೆರಡು ಕಲಮುಗಳನ್ನು ಎಳೆಯಬೇಕು: ಈ ಮನೆಗೆ ನೀರನ್ನು, ಸೌದೆಯನ್ನು ತರುವವರು ಯಾರು, ದಿನಕ್ಕೆ ಎಷ್ಟು ಹೊತ್ತು ತರುವರು ಎಂಬುದೊಂದು, ಉಳಿತಾಯವಾಗುವ ಹೊತ್ತಿನಲ್ಲಿ ಅವರು ಏನನ್ನು ಮಾಡಬಯಸುವರು ಎಂಬುದು ಇನ್ನೊಂದು. ಈ ಎರಡನೆಯ ಕಲಮನ್ನು ತುಂಬುವಾಗ ಮನೆಯ ಯಜಮಾನರನ್ನು ಕೇಳದೆ, ನೀರು ತರುವವರನ್ನೇ ಕೇಳಬೇಕು.